ಬೀರು ದಾರಿಯಲ್ಲಿದೆ

ಮೂರು ಜನ ಸವಾಲು ಕೂಗದ ಹೊರತು ಹರಾಜಿನಲ್ಲಿ ಯಾವ ವಸ್ತುವನ್ನೂ ಮಾರತಕ್ಕದ್ದಲ್ಲ. ಈ ನಿಯಮವನ್ನು ಯಾರು ಮಾಡಿದರು ಎಂಬುದಕ್ಕೆ ದಾಖಲೆಯಿಲ್ಲ. ಪಾಲಿಸಿದವನು ನಮ್ಮಣ್ಣ.

ಅಣ್ಣ ಒಂದು ದೊಡ್ಡ ಕಚೇರಿಯ ಉಗ್ರಾಣ ವಿಭಾಗದಲ್ಲಿದ್ದ. ಮುರಿದ ಕುರ್ಚಿ, ಸವೆದ ಮೇಜು, ನಿಂತುಹೋದ ಗಡಿಯಾರಗಳನ್ನು ಹರಾಜು ಹಾಕಿಸುವುದು ಅವನ ಹೊಣೆ. ಒಮ್ಮೆ ಮೂರನೆಯವನು ಸಿಗಲಿಲ್ಲವೆಂದು ತಳವಿಲ್ಲದ ಒಂದು ಕಸದ ಬುಟ್ಟಿ ಉಗ್ರಾಣದಲ್ಲೇ ಉಳಿಯಿತು. ಅದನ್ನು ಕಾಯಲು ಒಬ್ಬ ಕಾವಲುಗಾರನನ್ನು ನೇಮಿಸಿದರು. ಆ ಕಾವಲುಗಾರ ಬಡ್ತಿಯ ಮೇಲೆ ಬಡ್ತಿ ಪಡೆದು ಅಣ್ಣನ ಮೇಲಧಿಕಾರಿಯಾಗಿ ನಿವೃತ್ತನಾದ. ಅಣ್ಣನಿಗೆ ಇದರಿಂದ ಬೇಸರವೇನೂ ಆಗಲಿಲ್ಲ. ನಿಯಮ ಉಳಿಯಿತಲ್ಲ ಎಂಬ ಸಮಾಧಾನ ಅವನಿಗೆ ಸಾಕಾಗಿತ್ತು. ಬೀದಿಯವರು ಅವನನ್ನು ರೂಲ್ಸಣ್ಣ ಎಂದು ಕರೆಯುತ್ತಿದ್ದರು. ಅದನ್ನು ಅವನು ಬಿರುದೆಂದೇ ತಿಳಿದಿದ್ದ.

ಆ ಬುಟ್ಟಿಯ ಪ್ರಕರಣದ ನಂತರ, ಮೂರನೆಯವನು ಸಿಗದಿದ್ದಾಗ, ಅಣ್ಣ ಮೇಲಿನವರ ಲಿಖಿತ ಒಪ್ಪಿಗೆ ಪಡೆದು ತಾನೇ ಮೂರನೆಯವನಾಗಿ ಕೂಗತೊಡಗಿದ. ಅವನು ಕೂಗಿದ್ದನ್ನು ಕೇಳಿ ಉಳಿದಿಬ್ಬರು ಸುಮ್ಮನಾದರೆ ವಸ್ತು ನಮ್ಮ ಮನೆಗೆ ಬರುತ್ತಿತ್ತು. ಉಳಿದಿಬ್ಬರು ಸುಮ್ಮನಾಗುವುದೇ ಹೆಚ್ಚು. ಹೀಗೆ ನಮ್ಮ ಮುಂದಿನ ಕೋಣೆ ಭರ್ತಿಯಾಯಿತು. ರೆಕ್ಕೆಯಿಲ್ಲದ ಫ್ಯಾನು, ಕೂರುವ ಹಲಗೆಯಿಲ್ಲದ ಕುರ್ಚಿಗಳು, ಯಾವ ಭಾರವಿಟ್ಟರೂ ಒಂದೇ ತೂಕ ತೋರಿಸುವ ತಕ್ಕಡಿ. ಎಲ್ಲಕ್ಕಿಂತ ದೊಡ್ಡದು ಒಂದು ಮರದ ಬೀರು. ಅದನ್ನು ಒರಗಿಸುವಷ್ಟು ಅಗಲವಾದ ಗೋಡೆ ಒಂದೇ ಇತ್ತು. ಆ ಗೋಡೆಯಲ್ಲಿ ಕಿಟಕಿ ಇತ್ತು. ಬೀರು ಕಿಟಕಿಯನ್ನು ಪೂರ್ತಿ ಮುಚ್ಚಿ ನಿಂತುಕೊಂಡಿತು.

ಈಗ ಅತ್ತಿಗೆಯ ವಿಷಯ. ಅತ್ತಿಗೆ ಬಟ್ಟೆ ಹೊಲಿಯುತ್ತಾರೆ. ಶಾಲೆಯ ಸಮವಸ್ತ್ರ, ದಿಂಬಿನ ಕವರು, ಕೆಲಸಕ್ಕೆ ಹೋಗುವ ಹೆಂಗಸರ ಬಟ್ಟೆ, ಎಲ್ಲ. ಅವರ ಹೊಲಿಗೆ ಮಿಷನ್ನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ, ಒಂದು ಮಂಕು ಬಲ್ಬಿನ ಕೆಳಗಿತ್ತು. ಸ್ನಾನಕ್ಕೆ ಹೋಗುವವರು ಅವರನ್ನು ದಾಟಿಕೊಂಡೇ ಹೋಗಬೇಕು. ಕಪ್ಪು ಬಟ್ಟೆಗೆ ಕಡುನೀಲಿ ದಾರ ಹಾಕಿ ಹೊಲಿದು, ಗಿರಾಕಿ ಅದನ್ನು ಬಿಸಿಲಿಗೆ ಹಿಡಿದು ತೋರಿಸಿದ ಮೇಲೆ, ಬಾಯಿ ಮುಚ್ಚಿಕೊಂಡು ಬಿಚ್ಚಿ ಮತ್ತೆ ಹೊಲಿದದ್ದು ಎಷ್ಟು ಸಲವೋ. ಸಂಜೆಯ ಹೊತ್ತಿಗೆ ಅವರ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ನೋಡಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು. ಆದರೆ ಮೈದುನನ ಸಂಕಟಕ್ಕೆ ಬೀರು ಅಲ್ಲಾಡುವುದಿಲ್ಲ.

"ರೀ, ಆ ಬೀರು ಒಂದನ್ನ ತೆಗೆಸಿಬಿಡಿ. ಕಿಟಕಿ ಪಕ್ಕ ಮಿಷನ್ ಇಟ್ಕೋತೀನಿ. ಇನ್ನೇನೂ ಕೇಳಲ್ಲ ನಿಮ್ಮನ್ನ," ಎಂದು ಅತ್ತಿಗೆ ಹೇಳುತ್ತಲೇ ಇದ್ದರು.

"ತೆಗೆಸೋದು ಅಂದ್ರೆ ಏನು? ಅದು ವಿಲೇವಾರಿ ಆಗಬೇಕು ಕಣೇ. ಎಲ್ಲಾದಕ್ಕೂ ಒಂದು ಕ್ರಮ ಇದೆ. ನಿವೃತ್ತಿ ಆಗಲಿ, ನೋಡು," ಎಂದು ಅಣ್ಣ ಹೇಳುತ್ತಲೇ ಇದ್ದ.

ಅಣ್ಣ ನಿವೃತ್ತನಾದ. ಮಾತಿಗೆ ತಪ್ಪುವವನಲ್ಲ, ಮರುದಿನ ಬೆಳಿಗ್ಗೆಯೇ ಫ್ರಿಜ್ಜಿನ ಬಾಗಿಲ ಮೇಲೆ ಕೆಳಕಂಡ ಸುತ್ತೋಲೆ ಅಂಟಿತ್ತು.

"ಈ ಮನೆಯ ಮುಂದಿನ ಕೋಣೆಯನ್ನು ಇಂದಿನಿಂದ ಕೇಂದ್ರ ಉಗ್ರಾಣವೆಂದು ಪರಿಗಣಿಸತಕ್ಕದ್ದು. ಅಲ್ಲಿರುವ ವಸ್ತುಗಳು ಅಂತರ್ಜಾಲದ ಹರಾಜಿನ ಮೂಲಕವಲ್ಲದೆ ಬೇರಾವ ರೀತಿಯಲ್ಲೂ ಹೊರಗೆ ಹೋಗತಕ್ಕದ್ದಲ್ಲ. ಕಸ ಗುಡಿಸುವ ಸಂದರ್ಭದಲ್ಲಿ ಯಾವುದೇ ವಸ್ತು ಒಂದಿಂಚು ಸರಿದಲ್ಲಿ, ಸರಿಸಿದವರು ಕಾರಣ ತಿಳಿಸತಕ್ಕದ್ದು. ಚಹಾದ ವೇಳೆ ಎಂದಿನಂತೆ."

ಕೆಳಗೆ ನೇಮಕಾತಿಗಳಿದ್ದವು. ಅತ್ತಿಗೆ, ಕಟ್ಟುವ ವಿಭಾಗ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನಾದ್ದರಿಂದ, ಫೋಟೋ ಮತ್ತು ವಿವರಣೆ ವಿಭಾಗ. ಅಮ್ಮನನ್ನು ಸಲಹಾ ಸಮಿತಿಯೆಂದು ನೇಮಿಸಲಾಗಿತ್ತು. ನೇಮಿಸದಿದ್ದರೂ ಅವಳು ಸಲಹೆ ಕೊಡುವುದು ಗ್ಯಾರಂಟಿ ಇದ್ದುದರಿಂದ ಅಣ್ಣ ಅದನ್ನು ಸಕ್ರಮಗೊಳಿಸಿದ್ದ, ಅಷ್ಟೇ.

ನಾನು ಬರೆದ ಮೊದಲ ವಿವರಣೆ ಹೀಗಿತ್ತು: "ಮೇಜು. ಒಂದು ಕಾಲಿಲ್ಲ. ಅಲ್ಲಾಡುತ್ತದೆ." ಅಣ್ಣ ಕನ್ನಡಕ ಏರಿಸಿಕೊಂಡು ಅದನ್ನು ತಿದ್ದಿದ: "ಮೂರು ಸುಸ್ಥಿತಿಯ ಕಾಲುಗಳುಳ್ಳ ಚಲನಶೀಲ ಮೇಜು."

"ಸುಳ್ಳು ಹೇಳೋದು ತಪ್ಪು. ಆದ್ರೆ ಇಲ್ಲದೇ ಇರೋದರ ಬಗ್ಗೆ ಬರೆಯೋಕೆ ನಾವ್ಯಾರು?" ಎಂದ. ನನ್ನ ಕೆಲಸದಲ್ಲಿ ಇಷ್ಟು ಚೊಕ್ಕ ತಿದ್ದುಪಡಿ ನಾನು ನೋಡಿರಲಿಲ್ಲ.

ಮೊದಲು ಬೇಡಿಕೆ ಬಂದದ್ದು ತಕ್ಕಡಿಗೆ. ಯಾರೋ ಹೊರಗಿನವರು ಅದಕ್ಕೆ ಬಿಡ್ ಹಾಕಿದ್ದರು. ಅಣ್ಣ ಊಟದ ಮೇಜಿನ ಸುತ್ತ ಎಲ್ಲರನ್ನೂ ಸೇರಿಸಿದ. ಅವನ ಮುಖ ನೋಡಿದರೆ ಯಾರಿಗೋ ಏನೋ ಆಗಿದೆ ಎನ್ನುವಂತಿತ್ತು.

"ಒಂದೇ ಬಂದಿದೆ," ಎಂದ.

"ಬಂತಲ್ಲೋ ದೊಡ್ಡೋನೇ, ಕೊಟ್ಟು ಕೈ ತೊಳ್ಕೋ," ಎಂದಳು ಅಮ್ಮ.

"ಹೆಂಗಮ್ಮ ಕೊಡೋದು? ಒಬ್ಬನೇ ಬಂದಿದ್ದಾನೆ ಅಂದ್ರೆ ಉಳಿದವರನ್ನ ಬರದ ಹಾಗೆ ಮಾಡಿದ್ದಾನೆ ಅಂತ ಅರ್ಥ. ನಾಳೆ ಆಡಿಟ್‌ನವರು ಕೇಳಿದ್ರೆ ಏನು ಹೇಳಲಿ?"

"ಮನೆಗೆ ಯಾವ ಆಡಿಟ್‌ನವರು ಬರ್ತಾರ್ರೀ?" ಎಂದರು ಅತ್ತಿಗೆ.

"ಬರಲ್ಲ ಅಂತ ಬರೆದು ಕೊಟ್ಟಿದ್ದಾರಾ?"

ಯಾರೂ ಬರೆದು ಕೊಟ್ಟಿರಲಿಲ್ಲ. ಆದ್ದರಿಂದ ಎರಡನೆಯವನು ನಾನು, ಮೂರನೆಯವಳು ಅಮ್ಮ ಎಂದು ತೀರ್ಮಾನವಾಯಿತು. ಮಾರುವವರು ತಮ್ಮ ವಸ್ತುವಿಗೆ ತಾವೇ ಬಿಡ್ ಹಾಕಬಾರದೆಂದು ಜಾಲತಾಣದ ನಿಯಮವಿದೆಯಲ್ಲ ಎಂದು ನಾನು ನೆನಪಿಸಿದೆ. ಅಣ್ಣ ಅದನ್ನು ಓದಿ ನೋಡಿದ. "ಅಮ್ಮ ಮಾರುವವಳಲ್ಲ. ಮಾರುವವನ ತಾಯಿ. ಆ ಬಗ್ಗೆ ನಿಯಮ ಮೌನವಾಗಿದೆ," ಎಂದ.

ನಾನು ಕಡಿಮೆ ಬೆಲೆಗೆ ಕೂಗಿ ಸುಮ್ಮನಾದೆ. ಅಮ್ಮ ಸುಮ್ಮನಾಗಲಿಲ್ಲ. ಅಲ್ಲಿಯವರೆಗೆ ಮೊಬೈಲಿನಲ್ಲಿ ಮಾತಾಡುವುದಷ್ಟೇ ಅವಳಿಗೆ ಗೊತ್ತಿತ್ತು. ಗುಂಡಿ ಒತ್ತಿದರೆ ತನ್ನ ಹೆಸರು ಮೇಲೆ ಹೋಗುತ್ತದೆ, ಇನ್ನೊಬ್ಬನದು ಕೆಳಗಿಳಿಯುತ್ತದೆ ಎಂಬ ಸಂಗತಿ ಅವಳಿಗೆ ಬಹಳ ಹಿಡಿಸಿತು. ಸಂಸಾರದಲ್ಲಿ ಇಷ್ಟು ಸುಲಭವಾಗಿ ಯಾರ ಮೇಲೂ ಗೆದ್ದಿರಲಿಲ್ಲ ಅವಳು. ತಕ್ಕಡಿಯನ್ನು ಗೆದ್ದೇಬಿಟ್ಟಳು.

ಮುಂದಿನದೆಲ್ಲ ಕ್ರಮಬದ್ಧವಾಗಿ ನಡೆಯಿತು. ಅತ್ತಿಗೆ ತಕ್ಕಡಿಯನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ಕೊರಿಯರಿನವನು ಬಂದು ತೆಗೆದುಕೊಂಡು ಹೋದ. ಕೆಲವು ದಿನಗಳ ಮೇಲೆ ಅವನೇ ತಂದುಕೊಟ್ಟ. ಅಮ್ಮ ಸಹಿ ಹಾಕಿ ಪಡೆದಳು. ಇಡಲು ಬೇರೆ ಜಾಗವಿಲ್ಲದ್ದರಿಂದ ತಕ್ಕಡಿಯನ್ನು ಮುಂದಿನ ಕೋಣೆಯಲ್ಲಿ, ಧೂಳಿನಲ್ಲಿ ಅದರ ಗುರುತು ಮೂಡಿದ್ದ ಜಾಗದಲ್ಲೇ ಇಡಲಾಯಿತು. "ಮೊದಲ ಮಾರಾಟ ಯಶಸ್ವಿ," ಎಂದು ಅಣ್ಣ ಘೋಷಿಸಿದ.

ಹಣ ಅಮ್ಮನ ಖಾತೆಯಿಂದ ಅಣ್ಣನ ಖಾತೆಗೆ ಬಂದಿತ್ತು. ದಾರಿಯಲ್ಲಿ ಜಾಲತಾಣದವರೂ ಕೊರಿಯರಿನವರೂ ತಮ್ಮ ತಮ್ಮ ಪಾಲು ಮುರಿದುಕೊಂಡಿದ್ದರು. ಇದರಲ್ಲಿ ಮನೆಗೆ ನಷ್ಟವಾಯಿತಲ್ಲವೇ ಎಂದು ಅತ್ತಿಗೆ ಕೇಳಿದರು. ಕಚೇರಿಯಲ್ಲಿ ಜಮೆ ಒಂದು ವಿಭಾಗ, ಖರ್ಚು ಇನ್ನೊಂದು ವಿಭಾಗ, ಎರಡೂ ಬೇರೆ ಬೇರೆ ಮಹಡಿಯಲ್ಲಿ ಇರುತ್ತವೆ ಎಂದು ಅಣ್ಣ ವಿವರಿಸಿದ. ತಾನು ಯಾವಾಗಲೂ ಜಮೆಯ ಮಹಡಿಯಲ್ಲಿದ್ದವನು. ಖರ್ಚಿನ ಮಹಡಿಯಲ್ಲಿ ಏನಾಗುತ್ತದೋ ಅಲ್ಲಿನವರಿಗೆ ಗೊತ್ತು. ನಮ್ಮ ಮನೆಗೆ ಒಂದೇ ಮಹಡಿ ಎಂದು ಹೇಳುವಷ್ಟು ಸಲಿಗೆ ಯಾರೂ ತೋರಿಸಲಿಲ್ಲ.

ಫ್ಯಾನು ಹೋಗಿ ಬಂತು. ಕುರ್ಚಿಗಳು ಒಂದೊಂದಾಗಿ ಹೋಗಿ ಬಂದವು. ಕೊಂಡವರು ಅಭಿಪ್ರಾಯ ಬರೆಯಬೇಕೆಂದು ಜಾಲತಾಣ ಕೇಳುತ್ತದೆ. ಅಮ್ಮ ಹೇಳಿದಳು, ನಾನು ಬರೆದೆ: "ಕುರ್ಚಿ ಚೆನ್ನಾಗಿದೆ. ನಮ್ಮ ಮನೆಯಲ್ಲಿದ್ದ ಕುರ್ಚಿಯ ಹಾಗೆಯೇ ಇದೆ. ಮಾರಿದವರು ಒಳ್ಳೆಯ ಮನೆತನದವರೆಂದು ಕಾಣುತ್ತದೆ." ಜಾಲತಾಣದವರಿಂದ ಅಣ್ಣನಿಗೆ ಸಂದೇಶ ಬಂತು. "ನಿಮ್ಮ ಗ್ರಾಹಕರು ಮತ್ತೆ ಮತ್ತೆ ನಿಮ್ಮಲ್ಲಿಗೇ ಬರುತ್ತಿದ್ದಾರೆ. ಅಭಿನಂದನೆಗಳು." ಜೊತೆಗೆ ಅವನ ಹೆಸರಿನ ಪಕ್ಕ ಒಂದು ಹೊಂಬಣ್ಣದ ನಕ್ಷತ್ರ ಹೊಳೆಯತೊಡಗಿತು. ಅಣ್ಣ ಅದರ ಫೋಟೋ ತೆಗೆದು, ಕಟ್ಟು ಹಾಕಿಸಿ, ಫ್ರಿಜ್ಜಿನ ಮೇಲಿಟ್ಟ.

ಹೀಗಿರುವಾಗ ಬೀರಿಗೆ ಬೇಡಿಕೆ ಬಂತು.

ದೂರದ ಊರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಒಬ್ಬರು ಬಿಡ್ ಹಾಕಿದ್ದರು. ಜೊತೆಗೆ ಎರಡು ಸಾಲು ಬರೆದಿದ್ದರು. "ನಿಮ್ಮ ಬೀರಿನ ಖಾನೆಗಳ ಅಗಲ ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ದಯವಿಟ್ಟು ನನಗೇ ಕೊಡಿ."

ಅತ್ತಿಗೆ ಆ ಸಂದೇಶವನ್ನು ನನ್ನ ಕೈಯಲ್ಲಿ ಓದಿಸಿದರು. ಮತ್ತೆ ಓದು ಎಂದರು. ಅಂದು ಚಹಾಕ್ಕೆ ಸಕ್ಕರೆ ಜಾಸ್ತಿ ಬಿತ್ತು, ಯಾರೂ ಚಕಾರ ಎತ್ತಲಿಲ್ಲ. ಮಧ್ಯಾಹ್ನ ಅವರು ಬೀರಿನ ಹಿಂದೆ ಕೈ ತೂರಿಸಿ, ಮೊಣಕೈವರೆಗೆ ಜೇಡರ ಬಲೆ ಮೆತ್ತಿಸಿಕೊಂಡು, ಕಿಟಕಿಯ ಅಳತೆ ತೆಗೆದರು. ಪರದೆಗೆಂದು ಹಳದಿ ಬಟ್ಟೆ ತೆಗೆದಿಟ್ಟರು. ಬಂದ ಗಿರಾಕಿಗಳಿಗೆಲ್ಲ, "ಮುಂದಿನ ಸಲ ಮುಂಬಾಗಿಲಿಂದ ಬನ್ನಿ, ಕೂತ್ಕೊಂಡೇ ಅಳತೆ ಕೊಡಬಹುದು," ಎಂದು ಹೇಳಿ ಕಳಿಸಿದರು.

ರಾತ್ರಿಯ ಊಟಕ್ಕೆ ಮುಂಚೆ ಅವರು ಮೇಜಿನ ಬಳಿ ನಿಂತು ಎಲ್ಲರಿಗೂ ಕೈ ಮುಗಿದರು. "ನಿಮ್ಮ ಮೂರರ ಲೆಕ್ಕ ಆಗಲಿ, ಬೇಡ ಅನ್ನಲ್ಲ. ಆದ್ರೆ ಯಾರೂ ಆ ಪುಣ್ಯಾತ್ಮನ ಮೇಲೆ ಕೂಗಬೇಡಿ. ಅತ್ತೆ, ನಿಮಗೇ ಹೇಳ್ತಿರೋದು."

"ನಾನ್ಯಾಕೆ ಕೂಗ್ಲಿ? ನನಗೇನು ಬೀರು ಹೊತ್ಕೊಂಡು ಹೋಗೋದಿದೆಯಾ?" ಎಂದಳು ಅಮ್ಮ.

ಎಲ್ಲ ಸರಿಯಾಗಿಯೇ ನಡೆಯಿತು. ನಾನು ಕಡಿಮೆಗೆ ಕೂಗಿದೆ. ಅಮ್ಮ ನನಗಿಂತ ಸ್ವಲ್ಪ ಮೇಲೆ ಕೂಗಿದಳು. ರಟ್ಟಿನವರು ಎಲ್ಲರಿಗಿಂತ ಮೇಲಿದ್ದರು. ಮೂವರಾದರು, ನಿಯಮವೂ ತಣ್ಣಗಾಯಿತು. ಹರಾಜು ಮುಗಿಯಲು ಇನ್ನೇನು ಒಂದು ಗಳಿಗೆ ಇದೆ ಎನ್ನುವಾಗ ಅಮ್ಮ ಸುಮ್ಮನೆ ನೋಡೋಣವೆಂದು ಮೊಬೈಲು ತೆರೆದಳು.

"ಯಾರೋ ಇವನು ನನ್ನ ತಲೆ ಮೇಲೆ ಕೂತಿರೋನು?" ಎಂದಳು.

"ಅತ್ತೆ, ಬೇಡ!" ಎಂದು ಅತ್ತಿಗೆ ಅಡುಗೆಮನೆಯಿಂದ ಓಡಿಬಂದರು. ಅಷ್ಟರಲ್ಲಿ ಅಮ್ಮನ ಬೆರಳು ತನ್ನ ಕೆಲಸ ಮುಗಿಸಿತ್ತು. ಬೀರು ಅಮ್ಮನದಾಯಿತು.

ಗೆದ್ದವರು ಹಿಂದೆ ಸರಿದರೆ ಎರಡನೆಯವರಿಗೆ ಮಾರಲು ಜಾಲತಾಣದಲ್ಲಿ ಅವಕಾಶವಿದೆ. ಅತ್ತಿಗೆ ಅಮ್ಮನನ್ನು ಬೇಡಿಕೊಂಡರು. "ಗೆದ್ದ ಮೇಲೆ ಹಿಂದೆ ಸರಿಯೋದಾ? ಈ ವಯಸ್ಸಿನಲ್ಲಿ ಆ ಅಭ್ಯಾಸ ಬೇರೆ ಮಾಡಿಸ್ತೀಯಾ?" ಎಂದಳು ಅಮ್ಮ. ಅಣ್ಣನನ್ನು ಬೇಡಿಕೊಂಡರು. ಕಡಿಮೆ ಕೂಗಿದವನಿಗೆ ವಸ್ತು ಕೊಟ್ಟ ಅಧಿಕಾರಿಗಳ ಗತಿ ಏನಾಯಿತೆಂದು ಅವನು ಊಟ ಮುಗಿಯುವವರೆಗೆ ಉದಾಹರಣೆ ಸಹಿತ ಹೇಳಿದ. ಎರಡು ದಿನ ಬಿಟ್ಟು ರಟ್ಟಿನವರ ಸಂದೇಶ ಬಂತು. "ಗೆದ್ದವರಿಗೆ ಶುಭವಾಗಲಿ. ನಾನು ಒಂದು ಕಬ್ಬಿಣದ ಬೀರು ತಗೊಂಡೆ."

ಅತ್ತಿಗೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಪರದೆಗೆಂದು ತೆಗೆದಿಟ್ಟ ಹಳದಿ ಬಟ್ಟೆಯನ್ನು ಕತ್ತರಿಸಿ ಯಾರದೋ ದಿಂಬಿಗೆ ಕವರು ಹೊಲಿದರು.

ಮಾರಿದ ವಸ್ತು ಮನೆಯಲ್ಲಿ ಇರುವಂತಿಲ್ಲವಾದ್ದರಿಂದ ಕೊರಿಯರಿನವನು ವ್ಯಾನು ತಂದ, ಜೊತೆಗೆ ಹೊರುವವರನ್ನೂ ತಂದ. ಬೀರು ಜಪ್ಪಯ್ಯ ಎಂದರೂ ಜಾಗ ಬಿಡಲಿಲ್ಲ. ಕೊನೆಗೆ ಕಿರುಗುಟ್ಟುತ್ತಾ ಎದ್ದು, ಮುಂಬಾಗಿಲು ದಾಟಿ, ಮೆಟ್ಟಿಲಿಳಿದು ಹೋಯಿತು. ನಾನು ಹಿಂತಿರುಗಿ ನೋಡಿದಾಗ ಮುಂದಿನ ಕೋಣೆಯಲ್ಲಿ ಬಿಸಿಲಿತ್ತು. ಆ ಕೋಣೆಯ ನೆಲ ಕೆಂಪು ಬಣ್ಣದ್ದೆಂದು ನನಗೆ ಅಂದೇ ಗೊತ್ತಾದದ್ದು.

ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಸೆರಗಲ್ಲೇ ಕಿಟಕಿಯ ಸರಳು ಒರೆಸಿದರು.

"ಹಿಡ್ಕೋ ಬಾರೋ ಮಿಷನ್ನು," ಎಂದರು ನನಗೆ.

ನಾವಿಬ್ಬರೂ ಮಿಷನ್ನನ್ನು ಎಳೆದು ಕಿಟಕಿಯ ಪಕ್ಕ ಇಟ್ಟೆವು. ಅತ್ತಿಗೆ ಕೂತು, ಸೂಜಿಯ ಕಣ್ಣಿಗೆ ದಾರ ಹಿಡಿದರು. "ಒಂದೇ ಸಲಕ್ಕೆ ಹೋಯ್ತು ನೋಡೋ," ಎಂದರು. ಅವರು ನಗುತ್ತಿದ್ದರು. ನನಗೆ ಬಹಳ ಸಂತೋಷವಾಯಿತು. ಅದನ್ನು ಸುತ್ತಿ ಬಳಸಿ ಹೇಳುವ ಅಗತ್ಯ ಕಾಣುವುದಿಲ್ಲ.

ನಮ್ಮ ಮನೆಯಿಂದ ಹೊರಟ ಬೀರು ನಮ್ಮ ಮನೆಗೇ ಬರಬೇಕಾಗಿದ್ದರೂ, ಅದು ಮೊದಲು ದೂರದ ಕೇಂದ್ರ ಗೋದಾಮಿಗೆ ಹೋಗಿಯೇ ಬರಬೇಕೆಂದು ಕೊರಿಯರ್ ಕಂಪನಿಯ ನಿಯಮವಿದೆ. ಈ ನಿಯಮವನ್ನು ಓದಿ ಅಣ್ಣನ ಕಣ್ಣು ತುಂಬಿ ಬಂತು. ಇಂಥವರು ಇನ್ನೂ ಇದ್ದಾರಲ್ಲ ಎಂದ. ದಿನಾ ಊಟದ ಹೊತ್ತಿಗೆ ಅವನು ಮೊಬೈಲು ನೋಡಿ ಬೀರಿನ ಸಮಾಚಾರ ಓದುತ್ತಿದ್ದ. ಬೀರು ವಿಂಗಡಣಾ ಕೇಂದ್ರ ಬಿಟ್ಟಿದೆ. ಬೀರು ಗೋದಾಮು ಸೇರಿದೆ. ಪ್ರವಾಸಕ್ಕೆ ಹೋದ ನೆಂಟರ ಸುದ್ದಿಯಂತೆ ನಾವು ಕೇಳುತ್ತಿದ್ದೆವು. "ಪಾಪ, ಅಷ್ಟು ದೂರ ಹೋಗಿದೆ, ನಿಧಾನವಾಗಿ ಬರಲಿ," ಎನ್ನುತ್ತಿದ್ದರು ಅತ್ತಿಗೆ.

ಬೀರು ಬಂತು. ಹೊರುವವರು ಅದನ್ನು ಕಿಟಕಿಗೆ ಒರಗಿಸಿ ಬೆವರು ಒರೆಸಿಕೊಂಡರು. ಮಿಷನ್ನು ಓಣಿಗೆ ಹೋಯಿತು. "ನಮ್ಮ ಮನೆಯ ಬೀರಿನ ಹಾಗೆಯೇ ಇದೆ. ಸಂತೋಷ," ಎಂದು ಅಮ್ಮ ಅಭಿಪ್ರಾಯ ಬರೆಸಿದಳು. ಆಮೇಲೆ ಬೀರನ್ನು ಒಂದು ಸಲ ಸುತ್ತ ನೋಡಿ, "ಗೆದ್ದಾಯ್ತಲ್ಲ, ಇನ್ನು ನನಗ್ಯಾಕೆ ಇದು? ಮತ್ತೆ ಹಾಕು ಹರಾಜಿಗೆ," ಎಂದಳು.

ಅಣ್ಣ ಮತ್ತೆ ಹರಾಜಿಗೆ ಹಾಕಿದ. ಅಮ್ಮ ಗೆದ್ದ ಬೆಲೆಯಿಂದಲೇ ಕೂಗು ಶುರುವಾದ್ದರಿಂದ ಹೊರಗಿನವರು ಯಾರೂ ಅತ್ತ ಸುಳಿಯಲಿಲ್ಲ. ಆಗ ಕಟ್ಟುವ ವಿಭಾಗದ ಮುಖ್ಯಸ್ಥೆಯಾದ ಅತ್ತಿಗೆ, ಜೀವಮಾನದಲ್ಲಿ ಮೊದಲ ಸಲ, ತಾವೇ ಒಂದು ಬಿಡ್ ಹಾಕಿದರು. ಅಮ್ಮನೂ ಹಾಕಿದಳು, ನಾನೂ ಹಾಕಿದೆ. ಮೂವರು ಸೇರಿದೆವು. ಅಂದು ಅಮ್ಮನ ಕನ್ನಡಕ ಎಷ್ಟು ಹುಡುಕಿದರೂ ಸಿಗಲಿಲ್ಲ. ಬೀರು ಅತ್ತಿಗೆಯದಾಯಿತು.

ಕೊರಿಯರಿನವನು ಬಂದಾಗ ಅತ್ತಿಗೆ ಅವನಿಗೆ ನೀರು ಕೊಟ್ಟು ಕೇಳಿದರು, "ನಿಮ್ಮಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಕಳಿಸೋ ವ್ಯವಸ್ಥೆ ಯಾವುದಪ್ಪ?"

"ನಿಧಾನಕ್ಕೆ ಅಂತ ಬೇರೆ ವ್ಯವಸ್ಥೆ ಇಲ್ಲಮ್ಮ. ಎಲ್ಲಾ ನಿಧಾನವೇ," ಎಂದ ಅವನು, ಪ್ರಾಮಾಣಿಕವಾಗಿ. "ಆದ್ರೆ ಬಂದಾಗ ನೀವು ಬೇಡ ಅಂದ್ರೆ ವಾಪಸ್ ಹೋಗುತ್ತೆ. ಮಾರಿದೋರಿಗೆ."

"ಮಾರಿದೋರು ಇದೇ ಮನೆಯೋರು."

"ಯಾರಾದರೇನಮ್ಮ? ಗೋದಾಮಿಗೆ ಹೋಗಿಯೇ ಬರಬೇಕು."

ಅತ್ತಿಗೆ ಒಳಗೆ ಹೋದರು. ಇನ್ನೊಂದು ಲೋಟ ನೀರು ತಂದುಕೊಟ್ಟರು.

ಆ ಸಲ ಬೀರು ಗೇಟಿನವರೆಗೆ ಬಂದು ಹಾಗೇ ವಾಪಸಾಯಿತು. ಕಾರಣದ ಜಾಗದಲ್ಲಿ ಅತ್ತಿಗೆ, "ಫೋಟೋದಲ್ಲಿ ಚಿಕ್ಕದಾಗಿ ಕಾಣುತ್ತಿತ್ತು" ಎಂದು ಬರೆಸಿದರು. ಫೋಟೋ ವಿಭಾಗದವನಾದ ನಾನು ತಪ್ಪೊಪ್ಪಿಕೊಂಡೆ. ಅಣ್ಣ ಆ ಹಣವನ್ನು ಹಿಂತಿರುಗಿಸಿದ. ಆದರೆ ಖರ್ಚು ಬೇರೆ ಮಹಡಿಯದಾದ್ದರಿಂದ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬೀರು ದಾರಿಯಲ್ಲಿರುವಾಗಲೇ, ಸಮಯ ವ್ಯರ್ಥವಾಗಬಾರದೆಂದು, ಮತ್ತೆ ಹರಾಜಿಗೆ ಹಾಕಿದ. ಅದು ಬರುವಷ್ಟರಲ್ಲಿ ಮತ್ತೆ ನಮ್ಮಲ್ಲೇ ಒಬ್ಬರಿಗೆ ಮಾರಾಟವಾಗಿಯೂ ಬಿಟ್ಟಿತ್ತು. ಹೊಸ ಸುತ್ತೋಲೆ ಹೊರಟಿತು:

"ಮಾರಾಟವಾದ ವಸ್ತುವನ್ನು ವ್ಯಾನಿನಿಂದ ಇಳಿಸಿ, ಒಳಗೆ ತಂದು, ಪುನಃ ಹೊರಗೆ ಒಯ್ದು ಏರಿಸುವುದರಿಂದ ವಸ್ತುವಿಗೂ ಬಾಗಿಲ ಚೌಕಟ್ಟಿಗೂ ಸವಕಳಿ ಉಂಟಾಗುತ್ತಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ವಸ್ತು ಗೇಟಿನ ಬಳಿಯೇ ಬಂದು ಹೋದಂತೆ ಪರಿಗಣಿಸತಕ್ಕದ್ದು."

ಹೀಗೆ ವ್ಯಾನು ಬಂದು ನಿಲ್ಲುತ್ತಿತ್ತು, ಬಂದದ್ದಕ್ಕೆ ಒಬ್ಬರು ಸಹಿ ಹಾಕುತ್ತಿದ್ದರು, ಹೋಗುವುದಕ್ಕೆ ಇನ್ನೊಬ್ಬರು ಸಹಿ ಹಾಕುತ್ತಿದ್ದರು, ವ್ಯಾನು ಹೊರಡುತ್ತಿತ್ತು. ಬೀರು ಒಳಗಿನಿಂದ ಒಂದು ಸಲ ಕಿರುಗುಟ್ಟಿ ಸುಮ್ಮನಾಗುತ್ತಿತ್ತು. ಕೆಲವು ಸುತ್ತು ಕಳೆದ ಮೇಲೆ ಕೊರಿಯರ್ ಕಂಪನಿಯವರೂ ತಮ್ಮ ಕಡೆಯಿಂದ ಒಂದು ಸುಧಾರಣೆ ತಂದರು. ಇಳಿಸದ ವಸ್ತುವನ್ನು ಏರಿಸಿಕೊಂಡು ಬರುವುದು ಇಂಧನದ ದುರ್ಬಳಕೆಯಾದ್ದರಿಂದ, ಬೀರು ಗೋದಾಮಿನಲ್ಲೇ ಇರತಕ್ಕದ್ದು, ಕಾಗದಗಳು ಮಾತ್ರ ಸಂಚರಿಸತಕ್ಕದ್ದು, ಸಾಗಾಣಿಕೆಯ ದರ ಎಂದಿನಂತೆ. ಅಂದಿನಿಂದ ಕೊರಿಯರಿನವನು ಸ್ಕೂಟರಿನಲ್ಲಿ ಬರುತ್ತಿದ್ದಾನೆ.

ಸಾಗಾಣಿಕೆಯ ದರವನ್ನೂ ಜಾಲತಾಣದ ಪಾಲನ್ನೂ ಅತ್ತಿಗೆ ಹೊಲಿಗೆಯ ದುಡ್ಡಿನಿಂದ ಕೊಡುತ್ತಾರೆ. ಅದಕ್ಕೆ ಅವರು ಕಿಟಕಿ ಬಾಡಿಗೆ ಎಂದು ಹೆಸರಿಟ್ಟಿದ್ದಾರೆ. ಸ್ವಂತ ಮನೆಯ ಕಿಟಕಿಗೆ ಯಾರಾದರೂ ಬಾಡಿಗೆ ಕೊಡುತ್ತಾರೆಯೇ ಎಂದು ಪಕ್ಕದ ಮನೆಯಾಕೆ ಮೊದಮೊದಲು ಮೂಗು ಮುರಿದಳು. ಒಂದು ದಿನ ಅಳತೆ ಕೊಡಲು ಬಂದು, ಬೆಳಕಿನಲ್ಲಿ ಕೂತು, ಕೋಣೆಯನ್ನು ಸುತ್ತ ನೋಡಿದಳು. ಮಾರನೆಯ ದಿನ ಅಣ್ಣನ ಬಳಿ ಬಂದು ಮೆಲ್ಲಗೆ, "ನಮ್ಮ ಮನೆಯಲ್ಲೂ ಒಂದು ಸೋಫಾ ಇದೆ ಸಾರ್. ನಮ್ಮ ಮಾವನೋರದು. ಬಿಸಾಕೋ ಹಾಗಿಲ್ಲ, ಇಟ್ಕೊಳ್ಳೋ ಹಾಗಿಲ್ಲ. ಅದನ್ನೂ ಸ್ವಲ್ಪ ಹೀಗೆ ಓಡಾಡಿಸೋಕಾಗುತ್ತಾ?" ಎಂದಳು.

ಈಗ ನಮ್ಮ ಬೀದಿಯ ಸೋಫಾ, ಮಂಚ, ತೊಟ್ಟಿಲು, ಮುರಿದ ವ್ಯಾಯಾಮದ ಸೈಕಲ್ಲು, ಎಲ್ಲವೂ ಅಣ್ಣನ ಮೂಲಕ ಸಂಚಾರದಲ್ಲಿವೆ. ಬಿಸಾಕಿದರೆ ಮನೆಯ ಹಿರಿಯರು ಮುಖ ಊದಿಸಿಕೊಳ್ಳುತ್ತಾರೆ. ಮಾರಾಟವಾಗಿದೆ, ಬರುತ್ತಿದೆ ಎಂದರೆ ಯಾರಿಗೂ ನೋವಿಲ್ಲ. ಪ್ರತಿಯೊಂದಕ್ಕೂ ಮೂವರು ಕೂಗುವವರು ಬೇಕಾದ್ದರಿಂದ ಬೀದಿಯವರೆಲ್ಲ ಒಬ್ಬರ ವಸ್ತುವಿಗೆ ಇನ್ನೊಬ್ಬರು ಕೂಗುತ್ತಾರೆ. ಮೂರು ವರ್ಷದಿಂದ ಮಾತು ಬಿಟ್ಟಿದ್ದ ಎರಡು ಮನೆಯವರು ಹೀಗೆ ಪರಸ್ಪರರ ಮೂರನೆಯವರಾಗಿ ಮತ್ತೆ ಮಾತಾಡತೊಡಗಿದ್ದಾರೆ. ಅಣ್ಣನಿಗೆ ಎರಡನೆಯ ನಕ್ಷತ್ರ ಬಂದಿದೆ. ಬೀದಿಯಲ್ಲಿ ಈಗ ಯಾರೂ ರೂಲ್ಸಣ್ಣ ಎಂದು ಹಿಂದಿನಿಂದ ಕರೆಯುವುದಿಲ್ಲ, ಎದುರಿಗೇ ಕರೆಯುತ್ತಾರೆ.

ಮೊನ್ನೆ ಕೊರಿಯರಿನವನು ಕಾಗದ ಹಿಡಿದು ಬಂದ. ಯಾವತ್ತೂ ನಗುನಗುತ್ತಾ ಬರುವವನು ಅಂದು ಬಾಗಿಲಲ್ಲೇ ಹಿಂದೆ ಮುಂದೆ ನೋಡುತ್ತಾ ನಿಂತ. ಅತ್ತಿಗೆ ಹೊಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕರಡು ತಿದ್ದುತ್ತಾ ಕೂತಿದ್ದೆ.

"ಅಮ್ಮ, ಹೇಳೋಕೆ ಒಂಥರಾ ಆಗುತ್ತೆ," ಎಂದ ಅತ್ತಿಗೆಗೆ, ತಗ್ಗಿದ ದನಿಯಲ್ಲಿ. "ಗೋದಾಮಲ್ಲಿ ನಿಮ್ಮ ಬೀರು ಕಾಣ್ತಿಲ್ಲ. ಹುಡುಕಿಸಿದೆ. ಬಹಳ ದಿನದಿಂದ ಅದನ್ನ ನೋಡಿದೋರೇ ಇಲ್ಲ. ಮುರಿದೋಯ್ತೋ, ಯಾರಾದರೂ ಹೊಡ್ಕೊಂಡು ಹೋದ್ರೋ, ಗೊತ್ತಿಲ್ಲ."

ಅತ್ತಿಗೆಯ ಕಾಲು ಪೆಡಲಿನ ಮೇಲೆ ನಿಂತಿತು.

"ಆದ್ರೆ ನಿಮಗೆ ಒಳ್ಳೇದೇ ಆಯ್ತು ಬಿಡಿ," ಎಂದು ಅವನು ಸಮಾಧಾನ ಹೇಳಿದ. "ಕಳೆದುಹೋಗಿದೆ ಅಂತ ಒಂದು ಸಾಲು ಬರೀತೀನಿ. ಕಂಪನಿಯಿಂದ ಪರಿಹಾರ ಬರುತ್ತೆ. ತಿಂಗಳ ತಿಂಗಳ ನೀವು ಕೊಡೋ ದುಡ್ಡೂ ಉಳಿಯುತ್ತೆ. ಪೀಡೆ ತೊಲಗಿತು ಅಂದ್ಕೊಳ್ಳಿ."

ಅವನು ಪೆನ್ನು ತೆಗೆದ. ಅತ್ತಿಗೆ ಎದ್ದು ಹೋಗಿ ಅವನ ಕೈ ಹಿಡಿದುಕೊಂಡರು.

"ಬರೀಬೇಡಪ್ಪ," ಎಂದರು. "ಕಳೆದುಹೋದ ವಸ್ತುವಿನ ಜಾಗದಲ್ಲಿ ಅದೇ ಅಳತೆಯ ಇನ್ನೊಂದು ತಂದು ಇಡಬೇಕು ಅಂತ ನಮ್ಮ ಯಜಮಾನರ ಹತ್ರ ನಿಯಮ ಇದೆ. ಪರಿಹಾರ ಬಂದ ದಿನವೇ ಹೊಸ ಬೀರು ತಂದು ಇಲ್ಲೇ ನಿಲ್ಲಿಸ್ತಾರೆ. ಅದು ಹೊಸದು. ಅದನ್ನ ಮಾರೋಕೂ ಬಿಡಲ್ಲ."

"ಮತ್ತೇನು ಬರೀಲಿ ಅಮ್ಮ? ಇಲ್ಲದೇ ಇರೋ ಬೀರಿಗೆ?"

"ದಾರಿಯಲ್ಲಿದೆ ಅಂತ ಬರಿ."

"ದುಡ್ಡು?"

"ದುಡ್ಡು ಎಂದಿನ ಹಾಗೇ ಕೊಡ್ತೀನಿ."

ಕೊರಿಯರಿನವನು ಅತ್ತಿಗೆಯನ್ನು ನೋಡಿದ, ಕಿಟಕಿಯನ್ನು ನೋಡಿದ, ನನ್ನನ್ನೂ ನೋಡಿದ. ನಾನು ಕರಡಿನಲ್ಲಿ ತಲೆ ಹುದುಗಿಸಿದೆ. ಅವನು ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ದಾರಿಯಲ್ಲಿದೆ ಎಂದು ಬರೆದ. ಅಷ್ಟು ಹೊತ್ತಿಗೆ ಮಾತು ಕೇಳಿಸಿ ಅಣ್ಣ ಒಳಗಿನಿಂದ ಬಂದ. ಅವನ ಹಿಂದೆ ಅಮ್ಮ, ಈ ಸಲದ ಬೀರನ್ನು ತಾನು ಗೆದ್ದಿರುವುದಾಗಿ ಹೇಳುತ್ತಾ, ಮೊಬೈಲು ಎತ್ತಿ ಹಿಡಿದುಕೊಂಡೇ ಬಂದಳು.

ಅಣ್ಣ ಕಾಗದವನ್ನು ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದ.

"ವಸ್ತು ಸುಸ್ಥಿತಿಯಲ್ಲಿದೆ ತಾನೆ?" ಎಂದು ಕೇಳಿದ.

"ಒಂದು ಗೀರೂ ಬಿದ್ದಿಲ್ಲ ಸಾರ್," ಎಂದ ಕೊರಿಯರಿನವನು.

ಅಣ್ಣ ತಲೆದೂಗಿ, ಅವನ ಬೆನ್ನು ತಟ್ಟಿದ. ಅಮ್ಮ ಬೀರು ಬಂತೆಂದು ಸಹಿ ಹಾಕಿದಳು. ಅತ್ತಿಗೆ ಹೋಯಿತೆಂದು ಸಹಿ ಹಾಕಿ ಬಾಡಿಗೆ ಕೊಟ್ಟರು. ಎರಡಕ್ಕೂ ಸಾಕ್ಷಿಯಾಗಿ ನಾನು ಸಹಿ ಹಾಕಿದೆ.